ಕಫೀಲನಿಗೆ ತಲುಪದ ಮಾತು

ಸೌದಿಯ ಅಲ್ ಖರ್ಜಿನ ಆಸ್ಪತ್ರೆಯಲ್ಲಿ ತನ್ನ ಸರದಿ ಕಾಯುತ್ತಾ, ಯಾರಿಗೂ ಕಾಣದಂತೆ ಕೈಚೀಲದೊಳಗೇ ಜಪಮಣಿ ಎಣಿಸುತ್ತಿದ್ದ ಆಲ್ಬಿನಾಬಾಯಿಯ ಕಿವಿಗೆ ಊರಿನ ಕನ್ನಡ ಬಿತ್ತು. ಗ್ಯಾರೇಜಿನ ಪೇಂಟರ್ ಝಕರಿಯಾ ಕೆಮ್ಮುತ್ತಿದ್ದ. ಪಕ್ಕದಲ್ಲಿದ್ದ ಮೇಸ್ತ್ರಿ ಬಾಲ್ತಜಾರ್ ಹೇಳುತ್ತಿದ್ದ:

“ಪೇಂಟಿನ ಗಾಳಿ ನಾನೂ ಕುಡಿದಿದ್ದೇನೆ ಮಾರಾಯ. ನನಗೆಂತ ಆಗಿದೆ?”

“ನಿನಗೆ ನಿದ್ದೆ ಬರ್ತದೆ. ಚಿಂತೆ ಹೊತ್ತ ಮೈಗೆ ಆ ವಿಷ ಹೆಚ್ಚು ತಾಗ್ತದಂತೆ, ಡಾಕ್ಟ್ರು ಹೇಳಿದ್ರು. ಹುಟ್ಟಿದ ಮಗಳ ಮುಖ ನಾನಿನ್ನೂ ನೋಡಿಲ್ಲ.”

“ನಮ್ಮ ಅರಬಿ ಧಣಿ, ಆ ಕಫೀಲ, ರಜೆ ಕೊಡದಿದ್ರೆ ನಾನೆಂತ ಮಾಡ್ಲಿ?”

“ಅರಬಿ ಬಲ್ಲವನೆಂದು ಕೇಳಲಿಕ್ಕೆ ನಿನ್ನನ್ನೇ ಕಳಿಸಿದ್ದೆ. ನಿನ್ನೆ ನಮ್ಮ ಗ್ಯಾರೇಜಿನ ಶಹೀರ್ ಕಫೀಲನಲ್ಲೇ ವಿಚಾರಿಸಿದ. ನೀನು ನನ್ನ ರಜೆಯ ಮಾತೇ ಎತ್ತಿಲ್ಲವಂತೆ.”

ಬಾಲ್ತಜಾರ್ ನೆಲ ನೋಡಿದ. “ನೀನು ಹೋದ್ರೆ ಕೆಲಸ ನಿಲ್ತಿತ್ತು.”

ಆಲ್ಬಿನಾಬಾಯಿಯ ಬೆರಳು ಮಣಿಯ ಮೇಲೇ ನಿಂತಿತು.

ಒಳಗಿನಿಂದ ಅರಬಿಯಲ್ಲಿ ಝಕರಿಯಾನಿಗೆ ಕರೆ ಬಂತು. ಡಾಕ್ಟರಿಗೆ ಅವನ ಮಾತು ತಿಳಿಸಿಕೊಡಲು ವಾಡಿಕೆಯಂತೆ ಬಾಲ್ತಜಾರನೂ ಎದ್ದ.

“ನೀನು ಕೂತ್ಕೊ,” ಎಂದ ಝಕರಿಯಾ, ಬಾಗಿಲತ್ತ ನಡೆಯುತ್ತಾ. “ಕೆಮ್ಮಿಗೆ ದುಭಾಷಿ ಬೇಡ.”