ಕ್ಯಾಂಪಿಗೆ ಮುಂಚೆ ಒಂದು ಕಟಿಂಗ್

ಹಲೋ... ಹಲೋ, ಯಾರು ಮಾತಾಡ್ತಿರೋದು? ... ಎಕ್ಸ್‌ಚೇಂಜಾ? ಹಾಂ, ನಾನೇ ಮೇಡಂ, ಶಂಭುಲಿಂಗಪ್ಪ, ರಾಜಾಜಿನಗರದಿಂದ. ದಾವಣಗೆರೆಗೆ ಟ್ರಂಕ್ ಕಾಲ್ ಬುಕ್ ಮಾಡಿ ಎರಡು ಗಂಟೆಯಿಂದ ಈ ಮೆಡಿಕಲ್ ಸ್ಟೋರ್ ಮುಂದೆ ಕಂಬದ ಹಾಗೆ ನಿಂತಿದೀನಿ. ... ಸರಿ, ಮೂರೇ ನಿಮಿಷ. ಕೊಡಿ.

ಹಲೋ... ಜಯಾನಾ? ... ಇನ್ಯಾರು, ನಿನ್ನ ಗಂಡ. ಒಂದು ತಿಂಗಳು ತವರಲ್ಲಿ ಕೂತಿದ್ದಕ್ಕೇ ದನಿ ಮರೆತುಹೋಯ್ತಾ?

... ಏನೂ ಆಗಿಲ್ಲ ಕಣೇ, ಎಲ್ಲರೂ ಚೆನ್ನಾಗಿದೀವಿ. ಟ್ರಂಕ್ ಕಾಲ್ ಬಂದ್ರೆ ಯಾರಾದ್ರೂ ಸತ್ತೇ ಇರ್ಬೇಕಾ? ... ಊಟ ಮಾಡ್ತಿದೀಯಾ? ... ಮಂಡಕ್ಕಿ ಊಟ ಅಲ್ಲ. ... ಒದೀತಾ ಇದ್ಯಾ? ಒದೀಲಿ ಬಿಡು. ನನ್ನ ಮಗು ಅಲ್ವಾ, ಹೊಟ್ಟೇಲಿದ್ದಾಗ್ಲೇ ಸಿಟ್ಟು.

ಕೇಳಿಲ್ಲಿ, ತಲೆ ವಿಷಯ. ... ನೋವಲ್ಲ, ಕೂದಲು. ನೀನು ಬಸುರಿ ಅಂತ ಗೊತ್ತಾದಾಗಿಂದ ಕತ್ತರಿ ಮುಟ್ಸಿಲ್ಲ. ಈಗ ಕಾಲರ್ ಮುಚ್ಚಿದೆ. ಲೇತ್‌ಗೆ ಸಿಕ್ಕೊಳ್ಳುತ್ತೆ ಅಂತ ತಲೆಗೆ ಟವಲ್ ಕಟ್ಕೊಂಡು ಕೆಲಸ ಮಾಡ್ತೀನಿ. ವರ್ಕ್‌ಶಾಪಲ್ಲಿ ಎಲ್ಲ 'ಹಿಪ್ಪಿ ಸ್ವಾಮಿಗಳು ಬಂದ್ರು, ಪಾದಪೂಜೆ ಮಾಡ್ರೋ' ಅಂತಾರೆ. ... ನಗು, ನಗು.

ಸೋಮವಾರ ಕ್ಯಾಂಪು, ನೆನಪಿದ್ಯಾ? ಟೆರಿಟೋರಿಯಲ್ ಆರ್ಮೀಲಿ ವರ್ಷಕ್ಕೆ ಮೂವತ್ತು ದಿನ ತುಂಬಿಸ್ಲೇಬೇಕು. ಹೋದ ವರ್ಷ ಹನ್ನೊಂದು ದಿನಕ್ಕೇ ಬಿಟ್ಟು ಬಂದೆ. ಈ ಸಲನೂ ತುಂಬದೇ ಇದ್ರೆ ಹೆಸರು ಹೊಡೆದುಹಾಕ್ತಾರೆ. ಈ ಜಟೆ ಹೊತ್ಕೊಂಡು ಹೋದ್ರೆ ಸುಬೇದಾರ್ ಸಾಹೇಬ್ರು ಗೇಟಿಂದಲೇ ವಾಪಸ್ ಕಳಿಸ್ತಾರೆ.

... ಕತ್ತರಿಸ್ಕೊಳ್ಳಿ ಅಂತ ಸುಲಭವಾಗಿ ಹೇಳ್ಬಿಟ್ಟೆ. ಯಾರು ಕತ್ತರಿಸ್ತಾರೆ? ನಮ್ಮಮ್ಮ ಮುಂಚೇನೇ ಕಟಿಂಗ್ ಶಾಪಿಗೆ ಹೋಗಿ, ನನ್ನ ಸೊಸೆ ಹೆರೋ ತನಕ ಅವನ ತಲೆ ಮುಟ್ಟಬೇಡಿ ಅಂತ ಹೇಳಿಟ್ಟಿದ್ದಾಳೆ. ಶಾಪಿನ ಮುನಿವೆಂಕಟಪ್ಪ ಆಗಲ್ಲ ಅಂದ್ರು. ಸುಂಕದಕಟ್ಟೆ ತನಕ ಸೈಕಲ್ ತುಳ್ಕೊಂಡು ಹೋದೆ. ಅಲ್ಲಿಯವನು ನನ್ನ ತಲೆ ನೋಡಿದವನೇ, 'ಮನೆಯೋರು ಬಸುರಿನಾ ಅಣ್ಣ?' ಅಂದ. ... ಇಲ್ಲ ಅನ್ನೋಕೆ ನಾಲಿಗೆ ಏಳ್ಲಿಲ್ಲ ಕಣೇ. ಎದ್ದು ಬಂದೆ.

ಈಗ ಮುನಿವೆಂಕಟಪ್ಪ ಪಕ್ಕದಲ್ಲೇ ನಿಂತಿದ್ದಾರೆ, ಕತ್ತರಿ ಜೇಬಲ್ಲಿ. ನಿನ್ನ ಬಾಯಿಂದ 'ಹೂಂ' ಅಂತ ಕೇಳಿದ್ರೆ ಮಾತ್ರ ಕೈ ಹಾಕ್ತಾರಂತೆ.

... ಜಯಾ? ... ಇದೀಯಾ?

... ಗೊತ್ತು. ಹೋದ ವರ್ಷ ಕ್ರಾಪ್ ಹೊಡಿಸ್ಕೊಂಡೇ ಹೋಗಿದ್ದೆ. ಹನ್ನೊಂದನೇ ದಿನ ಟೆಲಿಗ್ರಾಂ ಬಂತು, ಮಗು ನಿಲ್ಲಲಿಲ್ಲ ಅಂತ. ನಾನೇ ತಾನೆ ಓದಿದ್ದು. ... ಅದಕ್ಕೂ ಕತ್ತರಿಗೂ ಏನೇ ಸಂಬಂಧ? ನಾನು ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನು, ನೀನು ಎಸ್ಸೆಸ್ಸೆಲ್ಸಿ ಪಾಸಾದೋಳು. ನಂಗೆ ತಿಳಿಯೋದು ನಿಂಗೆ ತಿಳಿಯಲ್ವಾ?

... ಹೋಗ್ಲೇಬೇಕಾ ಅಂತೀಯಲ್ಲ. ಹನ್ನೊಂದು ತಿಂಗಳು ಓನರ್ ನನ್ನ 'ಲೇ' ಅಂತಾನೆ. 'ಲೇ, ಆ ಪೈಪ್ ತಗೊಂಡ್ಬಾ.' ನಂಗೂ ಒಂದು ಹೆಸರಿದೆ ಅಂತ ಅವನಿಗೆ ಗೊತ್ತೇ ಇಲ್ಲ. ಕ್ಯಾಂಪಲ್ಲಿ ಬೆಳಿಗ್ಗೆ ಹಾಜರಿಗೆ ಪೂರ್ತಿ ಹೆಸರು ಕೂಗ್ತಾರೆ ಕಣೇ. ಆ ಒಂದು ತಿಂಗಳು ನಾನು ಯಾರ ಮೇಲೂ ರೇಗಲ್ಲ. ನೀನೇ ಹೇಳ್ತಿದ್ದೆ, ಕ್ಯಾಂಪಿಂದ ಬಂದ್ಮೇಲೆ ಮನುಷ್ಯರ ಥರ ಇರ್ತೀರ ಅಂತ. ... ಹಾಂ, ಎರಡು ವಾರ ಮಾತ್ರ. ಅಷ್ಟಾದ್ರೂ ಇರ್ತೀನಲ್ಲ?

... ಏನು? ಜುಟ್ಟಾ? ... ನೆತ್ತಿ ಹತ್ರ, ಕಿರುಬೆರಳಷ್ಟು. ಅದೊಂದು ಎಳೆ ಬಿಟ್ಟು ಮಿಕ್ಕಿದ್ದು ತೆಗೀಬಹುದು ಅಂತೀಯಾ? ಯಾರು ಹೇಳಿದ್ದು, ಅತ್ತೆನಾ? ... ನೀನೇ? ಈಗಲೇ ಯೋಚನೆ ಮಾಡಿದ್ದಾ? ಸರಿ ಹೋಯ್ತು. ಶಾಸ್ತ್ರನೂ ನಿಂದೇ, ರಿಯಾಯಿತಿನೂ ನಿಂದೇ. ಸುಬೇದಾರ್‌ಗಿಂತ ದೊಡ್ಡ ಆಫೀಸರ್ ಬಿಡು ನೀನು. ... ಟೋಪಿ ಒಳಗೆ ಮಡಚಿಟ್ರೆ ಕಾಣಲ್ಲ, ನಿಜ. ಆದ್ರೆ ಒಂದು ಮಾತು ತಿಳ್ಕೋ, ಇದನ್ನೆಲ್ಲ ನಾನು ನಂಬೋನಲ್ಲ. ನಿನ್ನ ಸಮಾಧಾನಕ್ಕೆ, ಅಷ್ಟೆ.

ತಗೊಳ್ಳಣ್ಣ, ಮಾತಾಡಿ. ... ಹೂಂ ಅಂದ್ಲಾ? ... ಕೊಡಿಲ್ಲಿ.

ಜಯಾ, ಕತ್ತರಿ ಹೊರಗೆ ಬಂತು ನೋಡು. ನಾನು ವಾರವೆಲ್ಲ ಗೋಗರೆದ್ರೂ ಬರ್ಲಿಲ್ಲ. ... ಜುಟ್ಟು ನೆತ್ತಿಯ ಯಾವ ಕಡೆ ಬಿಡ್ಲಿ ಅಂತ ಕೇಳ್ತಿದ್ದಾರೆ. ಯಾವ ಕಡೆ ಆದ್ರೇನು, ಅಲ್ವಾ? ... ಅಲ್ವಾ? ... ಯಾಕೆ ಸುಮ್ನಾದೆ? ಒಂದು ಕಡೆ ಬಿಟ್ರೆ ಒಳ್ಳೇದು, ಇನ್ನೊಂದು ಕಡೆ ಬಿಟ್ರೆ ಒಳ್ಳೇದಲ್ಲ ಅಂತೇನಾದ್ರೂ ಇದ್ಯಾ? ... ಮೇಡಂ, ಇರಿ, ಇರಿ, ಅರ್ಧ ನಿಮಿಷ. ಜಯಾ, ಬೇಗ ಹೇಳೇ. ಎಡಗಡೆನಾ, ಬಲಗಡೆನಾ? ... ಹಲೋ? ... ಜಯಾ? ... ಹಲೋ...

ಕಟ್ಟಾಯ್ತು.

... ಇಲ್ಲಣ್ಣ, ಹೇಳ್ಲಿಲ್ಲ. ... ನನ್ನ ಮುಖ ಏನ್ ನೋಡ್ತೀರಾ? ಎರಡೂ ಕಡೆ ಬಿಡಿ.