ಮೊರದಲ್ಲೇ ಉಳಿದ ಮಡಿಲಕ್ಕಿ

ಅಧ್ಯಕ್ಷರಾದ ಮರುಳಸಿದ್ದಪ್ಪನವರೇ, ವೇದಿಕೆಯ ಗಣ್ಯರೇ, ಲೇಖಕಿ ಶಾಂತಲಾ ಅವರೇ, ಫ್ಯಾನಿನ ಕೆಳಗಿನ ಕುರ್ಚಿಗಾಗಿ ಒಂದು ಗಂಟೆ ಮೊದಲೇ ಬಂದಿರುವ ಚನ್ನಗಿರಿಯ ಸಭಿಕರೇ,

ಹೆತ್ತ ಮಗಳನ್ನು "ಅವರೇ" ಎಂದು ಕರೆಯುವ ಭಾಗ್ಯ ಎಷ್ಟು ತಾಯಂದಿರಿಗುಂಟು? "ಲೇಖಕಿಯ ತಾಯಿ ಪ್ರೇಮಲತಾ ಟೀಚರ್ ಅವರಿಂದ ಎರಡು ಮಾತು" ಎಂದಿದ್ದಾರೆ. ಮೂವತ್ತೆರಡು ವರ್ಷ ಪಾಠ ಹೇಳಿದವಳಿಗೆ ಎರಡೇ ಮಾತು!

ಮಗಳ ಕಾದಂಬರಿಯನ್ನು ಮೂರು ಸಲ ಓದಿದ್ದೇನೆ, ಆರೋಪಿಯೊಬ್ಬಳು ಚಾರ್ಜ್‌ಶೀಟ್ ಓದುವ ಶ್ರದ್ಧೆಯಿಂದ. ಹೊನ್ನಾಳಿಯಲ್ಲಿ ಅಜ್ಜಿಯೊಬ್ಬಳ ಕೊಲೆಯಾಗುತ್ತದೆ. ಮೊಮ್ಮಗಳೇ ಪತ್ತೇದಾರಿಣಿ. ಕೊಲೆಗಾರ್ತಿ ಅವಳ ತಾಯಿ. ಕೊನೆಯ ಪುಟ ಹೇಳಿಬಿಟ್ಟೆ, ಪ್ರಕಾಶಕರು ಕ್ಷಮಿಸಬೇಕು. ಸಾಕ್ಷಿ ಏನು? ಬಾಗಿಲ ಬಳಿ ಮೊರದಲ್ಲೇ ಉಳಿದ ಮಡಿಲಕ್ಕಿ. ತವರಿನಿಂದ ಹೊರಟ ಮಗಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬದೆ ಕಳಿಸಿದವಳು ಏನು ತಾನೇ ಮಾಡಲಾರಳು ಎಂದು ನೂರಾ ಹನ್ನೆರಡನೇ ಪುಟದಲ್ಲಿ ಇನ್‌ಸ್ಪೆಕ್ಟರ್ ಕೇಳುತ್ತಾರೆ.

ಸಭಿಕರೇ, ಆ ಮೊರ ನಮ್ಮ ಮನೆಯದು.

ನನ್ನ ಅವ್ವ ಶಂಕ್ರಮ್ಮ ತೀರಿಕೊಂಡದ್ದು ಎಂಬತ್ತನಾಲ್ಕನೇ ವಯಸ್ಸಿನಲ್ಲಿ, ತನ್ನದೇ ಮಂಚದ ಮೇಲೆ, ಯಾವ ಕೊಲೆಗಾರರ ನೆರವೂ ಇಲ್ಲದೆ. "ಕೂಸು ಪರೀಕ್ಷೆ ಬರೀತೈತೆ, ಹೇಳಬ್ಯಾಡ ಕಣೇ" ಎಂದಿದ್ದಳು, ಹಾಸಿಗೆ ಹಿಡಿದಾಗ. ಹೇಳಲಿಲ್ಲ. ಶಾಂತಲಾ ಗಂಡನ ಮನೆ ಜಗಳೂರಿನಿಂದ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಕಾರ್ಯವೆಲ್ಲ ಕಳೆದು ನಮ್ಮ ಮನೆಯಿಂದ ಹೊರಡುವಾಗ, "ಅಜ್ಜೀನ ನೋಡಾಕೂ ಬಿಡಲಿಲ್ಲ. ನನ್ನ ಪಾಲಿಗೆ ನೀನೇ ಕೊಂದೆ ಬಿಡು" ಎಂದು ಬ್ಯಾಗ್ ಎತ್ತಿದಳು. ನಾನು ಮೊರ ಕೆಳಗಿಟ್ಟೆ. ತುಂಬಲಿಲ್ಲ.

ಯಾಕೆ? ಅದು ಶಂಕ್ರಮ್ಮ ಕಲಿಸಿದ ವಿದ್ಯೆ. ಮದುವೆಯಾದ ವರ್ಷ ನಾನೂ ಜಗಳವಾಡಿ ತವರಿನಿಂದ ಹೊರಟಿದ್ದೆ. ಅವ್ವ ಮೊರ ಕೆಳಗಿಟ್ಟು, "ತುಂಬಿದ್ರೆ ಕಳಿಸಿಕೊಟ್ಟಂಗೆ ಆಗ್ತೈತೆ. ನಾನು ಕಳಿಸಿಲ್ಲ. ಸಿಟ್ಟು ಇಳಿದ ಮ್ಯಾಲೆ ಬಾ, ತುಂಬಿಸ್ಕೊಂಡು ಹೋಗೀಯಂತೆ" ಎಂದಳು. ಎಂಟೇ ದಿನಕ್ಕೆ ಓಡಿಬಂದೆ.

ನಾನೂ ಹಾಗೆಯೇ ಮಾಡಿದೆ. ಒಂದೇ ತಪ್ಪು: ಮೊರ ಕೆಳಗಿಟ್ಟೆ, ಮಾತು ಆಡಲಿಲ್ಲ. ಮೂವತ್ತೆರಡು ವರ್ಷ ಪಾಠ ಹೇಳಿದ ಬಾಯಿ ಅಂದೇ ರಜೆ ಹಾಕಿತ್ತು.

ಎಂಟು ದಿನ ಅಂದುಕೊಂಡದ್ದು ಮೂರು ವರ್ಷವಾಯಿತು. ಹುಳ ಬೀಳುವ ಮೊದಲೇ, ತಿಂಗಳಿಗೊಮ್ಮೆ, ಮೊರದ ಅಕ್ಕಿ ಬದಲಿಸುತ್ತೇನೆ. ತೆಗೆದ ಅಕ್ಕಿಯಲ್ಲಿ ಚಿತ್ರಾನ್ನ ಮಾಡಿ ಬೀದಿಗೆಲ್ಲ ಹಂಚುತ್ತೇನೆ. "ಟೀಚರಮ್ಮ, ನಿಮ್ಮ ಮಗಳು ಬಂದ್ರೆ ನಮಗೆ ಈ ಚಿತ್ರಾನ್ನ ತಪ್ತೈತೆ ನೋಡ್ರಿ" ಎನ್ನುತ್ತಾಳೆ ಎದುರುಮನೆಯ ಅಂಜಿನಮ್ಮ. ನಗಿ, ಪರವಾಗಿಲ್ಲ. ನಾನೂ ನಗುತ್ತೇನೆ, ಅವಳು ಹೋಗುವವರೆಗೆ.

ಲೇಖಕಿಯವರು ತಲೆ ತಗ್ಗಿಸಿ ಏನೋ ಬರೆದುಕೊಳ್ಳುತ್ತಿದ್ದಾರೆ. ಪೆನ್ನಿನ ಕ್ಯಾಪ್ ಮಾತ್ರ ಇನ್ನೂ ತೆಗೆದಿಲ್ಲ.

ಕೊಲೆಯ ಆರೋಪವನ್ನು ನಾನು ಒಪ್ಪುವುದಿಲ್ಲ. ಬಾಯಿ ಬಿಡದ ಆರೋಪವನ್ನು ಒಪ್ಪುತ್ತೇನೆ. ಸನ್ಮಾನದ ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಸಿದ್ಧವಾಗಿವೆ. "ನೀವೇ ಮಡಿಲು ತುಂಬ್ರಿ ಮೇಡಂ, ಫೋಟೊ ಚೆಂದ ಬರ್ತೈತೆ" ಎಂದಿದ್ದಾರೆ ಅಧ್ಯಕ್ಷರು. ಕ್ಷಮಿಸಬೇಕು, ನಾನು ಇವತ್ತೂ ತುಂಬುವುದಿಲ್ಲ.

ಶಾಂತೂ, ನಾನು ನಿನ್ನ ಕಳಿಸಿಲ್ಲ ಕಣೇ. ಮೊರ ಬಾಗಿಲ ಹತ್ರಾನೇ ಐತೆ. ಅಕ್ಕಿ ಮೊನ್ನೆ ತಾನೇ ಬದಲಿಸೀನಿ.

ಮೈಕ್ ಕೊಟ್ಟವರಿಗೆ, ಮೂರು ವರ್ಷ ಚಿತ್ರಾನ್ನ ತಿಂದವರಿಗೆ, ಇಷ್ಟುದ್ದದ ಎರಡು ಮಾತನ್ನು ಸಹಿಸಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.