ಗುರುತಿನ ಗೊಬ್ಬರ

ಬೇರೆಯವರ ಮಾತು ಕೇಳಿಸಿಕೊಂಡು ಬರೆಯುವುದು ತಪ್ಪೇ, ಕ್ಷಮಿಸಿ. ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಮಣ್ಣು ಪರೀಕ್ಷೆ ಮಾಡುವ ಹೆಂಗಸೊಬ್ಬರು ತಮ್ಮನ ಜೊತೆ ಕೂತಿದ್ದರು.

"ಯಾಕಕ್ಕ, ಮುಖ ಸಿಂಡರಿಸಿಕೊಂಡಿದ್ದೀಯ?"

"ಗುರುತಿನ ಗೊಬ್ಬರ ಹಾಕಿದ್ವಲ್ಲ, ಆ ಮಡಿ ಹಾಳಾಯ್ತು."

"ಗುರುತು ಅಂದ್ರೆ, ಬಣ್ಣ ಹಚ್ಚಿದ್ದಾ?"

"ಅದರ ಸಾರಜನಕದ ಪರಮಾಣು ಮಾಮೂಲಿದಕ್ಕಿಂತ ಸ್ವಲ್ಪ ಭಾರ ಕಣೋ. ಬೆಳೆ ಎಷ್ಟು ಹೀರ್ತು ಅಂತ ಯಂತ್ರದಲ್ಲಿ ಗೊತ್ತಾಗತ್ತೆ. ಮಂತ್ರಿಗಳು ನೋಡೋಕೆ ಬರ್ತಾರೆ ಅಂತ ಸಾಹೇಬ್ರು ಮದುಮಗಳಿಗೆ ಪೌಡರ್ ಬಳಿದ ಹಾಗೆ ಆ ಮಡಿ ಮೇಲೆ ಮಾಮೂಲಿ ಯೂರಿಯಾ ಚೆಲ್ಲಿಸಿದ್ದಾರೆ."

"ಹಸಿರಾಗಿರತ್ತೆ ಬಿಡು."

"ಬೆಳೆ ಆ ಯೂರಿಯಾನೂ ಹೀರತ್ತೆ, ಆದ್ರೆ ಯಂತ್ರ ಲೆಕ್ಕ ಹಾಕೋದು ಗುರುತಿನದನ್ನ ಮಾತ್ರ. ಈಗ ಬೆಳೆ ಹೀರಿದ್ದೇ ಕಮ್ಮಿ ಅಂತ ಬರತ್ತೆ. ರೈತರಿಗೆ ಇನ್ನಷ್ಟು ಸುರೀರಿ ಅಂತೀವಿ. ಆ ವರದಿಗೆ ನಾನು ಸಹಿ ಹಾಕ್ಬೇಕಂತೆ."

"ಹಾಕ್ತೀಯಾ?"

"ಏಳು, ಸ್ಟಾಪ್ ಬಂತು."

ಇಬ್ಬರೂ ಇಳಿದು ಹೋದರು. ಅವರು ಸಹಿ ಹಾಕಿದರೋ ಇಲ್ಲವೋ ನನಗೆ ಗೊತ್ತಿಲ್ಲ.